ಮೇಷ್ಟ್ರ ತರಬೇತಿಯ ಖರ್ಚು ಯಾರ ಹೆಗಲಿಗೆ?

ಹರಿಹರದ ತುಂಗಭದ್ರಾ ಹಳೇ ಸೇತುವೆ ಕಟ್ಟಿ ಮುಗಿದದ್ದು 1868ರಲ್ಲಿ. ಹದಿನಾಲ್ಕು ಕಮಾನು, ಆಗಿನ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ ಖರ್ಚು. ಅದೇ ವರ್ಷ ಮೈಸೂರು ಸೀಮೆಯಲ್ಲಿ ಇನ್ನೊಂದು ಮಾತೂ ಎದ್ದಿತು: ಹೋಬಳಿಗೊಂದು ಸರ್ಕಾರಿ ಶಾಲೆ ಬೇಕು. ಯೋಜನೆ ಕೊಟ್ಟವರು ಬಿ.ಎಲ್. ರೈಸ್. ಮುಂದೆ ನಮ್ಮ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಅದೇ ರೈಸ್.

ಶಾಲೆಯನ್ನೇನೋ ಗುಡಿಯ ಜಗಲಿಯಲ್ಲೂ ನಡೆಸಬಹುದು. ಮೇಷ್ಟ್ರನ್ನು ಎಲ್ಲಿಂದ ತರುವುದು? ಅಲ್ಲಿಯವರೆಗೆ ಊರುಗಳಲ್ಲಿ ಇದ್ದದ್ದು ಕೂಲಿಮಠ. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಊರಿನವರು ಕಾಳುಕಡಿ ಕೊಡುತ್ತಿದ್ದರು. ಹೊಸ ಶಾಲೆಗಳಿಗಾಗಿ ಇಂಥ ಹಳೇ ಮೇಷ್ಟ್ರುಗಳನ್ನೇ ನಾರ್ಮಲ್ ಸ್ಕೂಲಿಗೆ ಕರೆಸಿ ತರಬೇತಿ ಕೊಡುವುದೆಂದು ಆಯಿತು.

ಆಗ ಹರಿಹರ ಮೈಸೂರಿನದು. ಹೊಳೆ ದಾಟಿದರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಆ ದಡದ ಕನ್ನಡ ಮೇಷ್ಟ್ರುಗಳು ತಯಾರಾಗುತ್ತಿದ್ದದ್ದು ಧಾರವಾಡದಲ್ಲಿ. ಡೆಪ್ಯುಟಿ ಚನ್ನಬಸಪ್ಪನವರು ದುಡಿದ ನಾರ್ಮಲ್ ಸ್ಕೂಲು ಅಲ್ಲಿಯದೇ. ಎರಡು ದಡಕ್ಕೆ ಎರಡು ಸರ್ಕಾರ, ಆದರೆ ನಂಬಿಕೆ ಒಂದೇ: ಮೇಷ್ಟ್ರನ್ನು ತಯಾರು ಮಾಡುವುದು ಸರ್ಕಾರದ ಖರ್ಚು. ಶಿಕ್ಷಕರ ತರಬೇತಿ ಶಾಲೆಗಳನ್ನು ತೆರೆಯಬೇಕು, ಕಲಿಯಲು ಬಂದವರಿಗೆ ವೇತನವನ್ನೂ ಕೊಡಬೇಕು ಎಂದು 1854ರ ವುಡ್ ವರದಿಯೇ ಹೇಳಿತ್ತು.

ಇವತ್ತು ಲೆಕ್ಕ ತಲೆಕೆಳಗಾಗಿದೆ. ಹೇಗಾಯಿತು ಅಂತ ನೋಡೋಣ.

ಟಿ.ಸಿ.ಎಚ್. ಕಾಲ

ನಮ್ಮ ವಯಸ್ಸಿನವರಿಗೆ ನೆನಪಿರುವುದು 1990ರ ದಶಕ. ಶಿಕ್ಷಣ ಮಂತ್ರಿಯಾಗಿದ್ದ ಎಚ್.ಜಿ. ಗೋವಿಂದೇಗೌಡರ ಅವಧಿಯಲ್ಲಿ ಅಂಕದ ಮೇಲೆ, ಲಂಚವಿಲ್ಲದೆ ಸಾವಿರಾರು ಮಂದಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಅವರನ್ನು ಜನ ಇವತ್ತಿಗೂ ನೆನೆಯುತ್ತಾರೆ. ನಮ್ಮ ಚನ್ನಗಿರಿ ತಾಲ್ಲೂಕಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆಯೂ ಆಯಿತು.

ಟಿ.ಸಿ.ಎಚ್. ಮಾಡಿದರೆ ನೌಕರಿ ಗ್ಯಾರಂಟಿ ಅನ್ನುವ ಮಾತು ಹಳ್ಳಿಹಳ್ಳಿಗೆ ಹಬ್ಬಿತು. ಹೊಲ ಮಾರಿಯಾದರೂ ಓದಿಸಿದರು. ಬೇಡಿಕೆ ಕಂಡ ಕಡೆ ಖಾಸಗಿ ಕಾಲೇಜುಗಳು ಎದ್ದವು. 1995ರಲ್ಲಿ ಜಾರಿಗೆ ಬಂದ ಕಾಯ್ದೆಯಂತೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ ಮಾನ್ಯತೆ ಕಡ್ಡಾಯವಾಗಿತ್ತು. ಆದರೂ ಸಂಖ್ಯೆ ಏರುತ್ತಲೇ ಹೋಯಿತು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಡುವ ಹೊತ್ತಿಗೆ ದೇಶದ ಶಿಕ್ಷಕರ ತರಬೇತಿಯಲ್ಲಿ ಶೇ. 90ರಷ್ಟು ಖಾಸಗಿಯವರ ಕೈಯಲ್ಲಿತ್ತು.

ಖಾಸಗಿ ಅಂದರೆ ಆದಾಯ ಎಲ್ಲಿಂದ? ಹೆಚ್ಚಿನ ಕಡೆ ವಿದ್ಯಾರ್ಥಿಯ ಫೀಸಿನಿಂದ. ಹಿಂದೆ ಕಲಿಯುವವನಿಗೆ ಸರ್ಕಾರ ಕೊಡಬೇಕೆಂದಿದ್ದ ಹಣವನ್ನು ಈಗ ಕಲಿಯುವವನೇ ಕಟ್ಟಬೇಕಾಯಿತು.

ಸೀಟು ತುಂಬದಿದ್ದರೆ

2010ರಲ್ಲಿ ಟಿಇಟಿ ಬಂತು. ಕೋರ್ಸ್ ಮುಗಿಸಿದರೆ ಸಾಲದು, ಅರ್ಹತಾ ಪರೀಕ್ಷೆಯನ್ನೂ ಪಾಸಾಗಬೇಕು. 2015ರಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷವಾಯಿತು. ಬಿ.ಎಡ್. ಮಾಡಿದವರೂ 1ರಿಂದ 5ನೇ ತರಗತಿಗೆ ಪಾಠ ಮಾಡಬಹುದು ಎಂದು ಎನ್‌ಸಿಟಿಇ 2018ರಲ್ಲಿ ಹೇಳಿತು. ಆಗ ಟಿ.ಸಿ.ಎಚ್.ನ ಈಗಿನ ರೂಪವಾದ ಡಿ.ಎಲ್.ಎಡ್.ಗೆ ಯಾಕೆ ಹೋಗಬೇಕು ಅನ್ನಿಸಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಎಂದಿತು. ಹೀಗೆ ಒಂದೊಂದು ಆದೇಶಕ್ಕೂ ಒಂದು ಕೋರ್ಸಿಗೆ ಅರ್ಜಿ ಏರುತ್ತದೆ, ಇನ್ನೊಂದಕ್ಕೆ ಇಳಿಯುತ್ತದೆ.

ಕಾಲೇಜಿನ ಖರ್ಚು ಮಾತ್ರ ಹಾಗೆ ಇಳಿಯುವುದಿಲ್ಲ. 2014ರ ನಿಯಮದ ಪ್ರಕಾರ ಬಿ.ಎಡ್.ನ ಒಂದು ಯೂನಿಟ್ಟಿಗೆ 50 ಸೀಟು. ಎರಡು ವರ್ಷ ಸೇರಿ 100 ಮಂದಿಗೆ 8 ಪೂರ್ಣಾವಧಿ ಶಿಕ್ಷಕರು. ಎಲ್ಲ ಸೀಟೂ ತುಂಬಿದರೆ ಒಬ್ಬ ಶಿಕ್ಷಕರ ಸಂಬಳವನ್ನು ಹನ್ನೆರಡು, ಹದಿಮೂರು ಮಂದಿಯ ಫೀಸು ಹೊರುತ್ತದೆ. ವರ್ಷಕ್ಕೆ 20 ಮಂದಿಯೇ ಸೇರಿದರೆ ಆ ಭಾರ ಐವರ ಮೇಲೆ. ಕಟ್ಟಡ, ಗ್ರಂಥಾಲಯ, ಕರೆಂಟ್ ಬಿಲ್ಲು ಇದರ ಮೇಲೆ.

ಆಗ ಆಡಳಿತ ಮಂಡಳಿಯ ಮುಂದೆ ಉಳಿಯುವ ದಾರಿ ಕೆಲವೇ: ಟ್ರಸ್ಟಿನ ಬೇರೆ ಸಂಸ್ಥೆಯ ಹಣ ತರುವುದು, ಸಂಬಳ ಕಡಿಮೆ ಮಾಡುವುದು, ಇಲ್ಲವೇ ಬಾಗಿಲು ಹಾಕುವುದು. ಕೆಟ್ಟ ದಾರಿಯೂ ಒಂದಿದೆ: ತರಗತಿಗೆ ಬಾರದವರಿಗೂ ಹಾಜರಿ ಹಾಕಿ ಫೀಸು ತೆಗೆದುಕೊಳ್ಳುವುದು. ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ. 90 ಹಾಜರಿ ಬೇಕೆಂದು ನಿಯಮ ಕಟ್ಟುನಿಟ್ಟಾಗಿ ಹೇಳಿರುವುದು ಸುಮ್ಮನೆ ಅಲ್ಲ. ಮಕ್ಕಳ ಮುಂದೆ ನಿಂತು ಕಲಿಯದವರು ನಾಳೆ ನಮ್ಮೂರ ಶಾಲೆಗೇ ಬರುತ್ತಾರೆ.

ಅರ್ಜಿ ಹಾಕುವ ಮುಂಚೆ

ಸರ್ಕಾರಿ ದಾರಿ ಪೂರ್ತಿ ಮುಚ್ಚಿಲ್ಲ. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದರಂತೆ ಬಂದ ಡಯಟ್ ದಾವಣಗೆರೆಯಲ್ಲೂ ಇದೆ. ಹರಿಹರದವರಿಗೆ ಅದು ಬಸ್ಸಿನ ದೂರ. ಡಿ.ಎಲ್.ಎಡ್. ಮಾಡುವವರು ಮೊದಲು ಅಲ್ಲಿ ವಿಚಾರಿಸಿ.

ಖಾಸಗಿ ಕಾಲೇಜಿಗೇ ಸೇರುವುದಾದರೆ ಒಂದು ಕೆಲಸ ಮಾಡಿ. ಮಾನ್ಯತೆ ಪಡೆದ ಕಾಲೇಜು ತನ್ನ ಸೀಟು, ಸೇರಿದವರು, ಫೀಸು, ಶಿಕ್ಷಕರ ವಿವರ ಮತ್ತು ಆಡಿಟ್ ಆದ ಲೆಕ್ಕವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಫೋನಿನಲ್ಲೇ ತೆರೆದು ಮೂರು ಸಂಗತಿ ನೋಡಿ. ಮಂಜೂರಾದ ಸೀಟಿನಲ್ಲಿ ಮೂರು ವರ್ಷದಿಂದ ಎಷ್ಟು ತುಂಬಿದೆ? ಪಟ್ಟಿಯಲ್ಲಿರುವ ಶಿಕ್ಷಕರು ಕಾಲೇಜಿಗೆ ಹೋದಾಗ ಕಣ್ಣಿಗೆ ಬೀಳುತ್ತಾರಾ? ಖರ್ಚಿನಲ್ಲಿ ಸಂಬಳದ ಪಾಲು ಎಷ್ಟು? ಸೀಟು ತುಂಬಿದ್ದೂ ಸಂಬಳದ ಸಾಲು ತೀರಾ ಸಣ್ಣದಿದ್ದರೆ ಪಾಠ ಮಾಡುವವರು ಯಾರು ಅಂತ ಕೇಳಿ.

ಕೇಳಲು ಸಂಕೋಚ ಬೇಡ. ಐಗಳಿಗೆ ಕಾಳು ಅಳೆದುಕೊಡುತ್ತಿದ್ದ ನಮ್ಮ ಹಿರಿಯರು ಮಗ ಏನು ಕಲಿತ ಅಂತ ಕೇಳಿಯೇ ಕೇಳುತ್ತಿದ್ದರು.