ಸೋಲಾರ್ ಇನ್ವರ್ಟರ್: ಕೆಡುವುದೇಕೆ, ವಾರಂಟಿ ಖರ್ಚು ಯಾರ ತಲೆಗೆ?

ಮನೆಯ ಮಾಡಿನ ಮೇಲೆ ಹಾಕುವ ಸೋಲಾರ್ ಪ್ಯಾನೆಲ್‌ಗಳಿಗೆ ಕಂಪನಿಗಳು ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಕೊಡುತ್ತವೆ. ಅದೇ ವ್ಯವಸ್ಥೆಯ ಭಾಗವಾಗಿ ಗೋಡೆಯಲ್ಲಿ ತೂಗುವ ಇನ್ವರ್ಟರ್ ಪೆಟ್ಟಿಗೆಗೆ ಸಿಗುವುದು ಹೆಚ್ಚಾಗಿ 5ರಿಂದ 10 ವರ್ಷ. ಒಟ್ಟು ವೆಚ್ಚದಲ್ಲಿ ಇನ್ವರ್ಟರ್‌ನ ಪಾಲು ಸಣ್ಣದು, ದೂರುಗಳಲ್ಲಿ ಮಾತ್ರ ದೊಡ್ಡ ಪಾಲು ಅದರದ್ದೇ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿಎಂ ಸೂರ್ಯಘರ್ ಯೋಜನೆ ಪ್ರಕಟಿಸಿ 1 ಕೋಟಿ ಮನೆಗಳ ಗುರಿ ಇಟ್ಟುಕೊಂಡಿತು. 3 ಕಿಲೋವ್ಯಾಟ್‌ಗೆ 78,000 ರೂ. ಸಬ್ಸಿಡಿ ಎಂದಾಗ ಗಡಿನಾಡಿನ ಹಳ್ಳಿಗಳಲ್ಲೂ ಆಸಕ್ತಿ ಹುಟ್ಟಿದ್ದು ಸಹಜ. ಆದರೆ ಪೆಟ್ಟಿಗೆ ಕೆಟ್ಟ ದಿನ ಯಾರಿಗೆ ಫೋನ್ ಮಾಡಬೇಕು, ಯಾರು ಹಣ ಕೊಡಬೇಕು ಎಂಬುದನ್ನು ಕೇಳಿಯೇ ಸಹಿ ಹಾಕಿದವರು ಕಡಿಮೆ.

ಮೊದಲು ಹೆಸರಿನ ಗೊಂದಲ. ನಮ್ಮ ಹಳ್ಳಿಗಳಲ್ಲಿ ಇನ್ವರ್ಟರ್ ಎಂದರೆ ಬ್ಯಾಟರಿ ಇಟ್ಟ, ಕರೆಂಟು ಹೋದಾಗ ದೀಪ ಉರಿಸುವ ಯಂತ್ರ. ಸಬ್ಸಿಡಿಯಲ್ಲಿ ಬರುವ ಲೈನಿಗೆ ಜೋಡಿಸಿದ ಇನ್ವರ್ಟರ್ ಹಾಗಲ್ಲ. ಅದು ಪ್ಯಾನೆಲ್‌ನಿಂದ ಬರುವ ಡಿಸಿ ವಿದ್ಯುತ್ತನ್ನು ಎಸಿಗೆ ಬದಲಿಸಿ ಲೈನಿಗೆ ಸೇರಿಸುತ್ತದೆ. ಲೈನಿನಲ್ಲಿ ಕರೆಂಟು ಹೋದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ನ ಜೀವ ಉಳಿಯಲೆಂದೇ ಹಾಗೆ ಮಾಡಲಾಗಿದೆ. "ಕೆಟ್ಟುಹೋಗಿದೆ" ಎಂದು ಬರುವ ಕರೆಗಳಲ್ಲಿ ಇಂಥವೂ ಇರುತ್ತವೆ. ಕೊಡುವಾಗಲೇ ಇದನ್ನು ತಿಳಿಸಿದ ಏಜೆನ್ಸಿಗೆ ಎಷ್ಟೋ ಓಡಾಟ ಉಳಿಯುತ್ತದೆ.

ಕೆಡುವುದು ಹೇಗೆ?

ಪ್ಯಾನೆಲ್ ಒಳಗೆ ಅಲುಗಾಡುವ ಭಾಗವಿಲ್ಲ, ಹೆಚ್ಚು ಎಲೆಕ್ಟ್ರಾನಿಕ್ಸ್ ಇಲ್ಲ. ಇನ್ವರ್ಟರ್ ಒಳಗೆ ಇರುವುದೆಲ್ಲ ಎಲೆಕ್ಟ್ರಾನಿಕ್ಸ್. ಸ್ವಿಚ್‌ನಂತೆ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಟ್ರಾನ್ಸಿಸ್ಟರ್‌ಗಳು, ಕೆಪಾಸಿಟರ್‌ಗಳು, ರಿಲೇಗಳು, ಕೆಲವದರಲ್ಲಿ ಫ್ಯಾನ್. ಇವಕ್ಕೆಲ್ಲ ಶಾಖವೇ ಶತ್ರು. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಶಾಖ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಮಡಕಶಿರಾ, ರಾಯದುರ್ಗ, ಆದೋನಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಗೋಡೆಗೆ ಪೆಟ್ಟಿಗೆ ತೂಗಿಸಿದರೆ 10 ವರ್ಷದ ಮಾತು ಕಾಗದದಲ್ಲೇ ಉಳಿಯುತ್ತದೆ. ಉತ್ತರ ಅಥವಾ ಪೂರ್ವದ ಗೋಡೆ, ನೆರಳು, ಸುತ್ತ ಗಾಳಿಯಾಡುವ ಜಾಗ ಇವಕ್ಕೆ ಪ್ರತ್ಯೇಕ ಹಣ ಬೇಡ. ಕೊಟ್ಟಿಗೆಯ ಒಳಗೆ ಮಾತ್ರ ಬೇಡವೇ ಬೇಡ, ಗಂಜಲದ ಅಮೋನಿಯಾ ಲೋಹವನ್ನು ತಿನ್ನುತ್ತದೆ.

ಕಾಸರಗೋಡಿನ ಕಾಯಿಲೆ ಬೇರೆ. ಇಲ್ಲಿ ಮುಂಗಾರಿಗೆ ಮುಂಚಿನ ಎಪ್ರಿಲ್-ಮೇ ತಿಂಗಳಿನಲ್ಲೂ, ಮಲಯಾಳದಲ್ಲಿ ತುಲಾವರ್ಷ ಎನ್ನುವ ಹಿಂಗಾರಿನಲ್ಲೂ ಸಿಡಿಲಿನ ಕಾಟ. ಸಿಡಿಲು ನೇರ ಬಡಿಯಬೇಕೆಂದಿಲ್ಲ. ದೂರದ ಲೈನಿಗೆ ಬಡಿದರೂ ಅದರ ಹೊಡೆತ ತಂತಿಯಲ್ಲಿ ಹರಿದು ಬರುತ್ತದೆ. ಅದಕ್ಕಾಗಿ ಡಿಸಿ ಕಡೆಗೊಂದು, ಎಸಿ ಕಡೆಗೊಂದು ಸರ್ಜ್ ತಡೆ ಇರಬೇಕು. ಮಿಂಚು ಬಂಧಕಕ್ಕೆ, ಡಿಸಿ ಕಡೆಗೆ, ಎಸಿ ಕಡೆಗೆ ಬೇರೆ ಬೇರೆ ಅರ್ಥಿಂಗ್ ಗುಂಡಿ ತೋಡುವುದು ಸರಿಯಾದ ಕ್ರಮ. ಒಣಗಿದ ಮುರಕಲ್ಲಿನ ನೆಲ ವಿದ್ಯುತ್ತನ್ನು ಸುಲಭಕ್ಕೆ ಇಳಿಸಿಕೊಳ್ಳುವುದಿಲ್ಲ. ಗುಂಡಿ ತೋಡಿದ್ದೇವೆ ಎಂಬ ಮಾತು ಸಾಲದು, ಅಳೆದ ಓಮ್ ಲೆಕ್ಕ ಬರೆದು ಕೊಡಬೇಕು. ಮಳೆಗಾಲದಲ್ಲಿ ಸರಿಯಾಗಿ ಬಿಗಿಯದ ಕನೆಕ್ಟರ್‌ಗೆ ನೀರು ಹೋದರೆ ಬೆಳಿಗ್ಗೆ ಇನ್ವರ್ಟರ್ 'ಐಸೊಲೇಶನ್' ದೋಷ ತೋರಿಸಿ, ಬಿಸಿಲು ಬಂದ ಮೇಲೆ ತಾನಾಗಿ ಸರಿಯಾಗುವುದೂ ಇದೆ. ಇದು ಪೆಟ್ಟಿಗೆಯ ದೋಷವಲ್ಲ, ವೈರಿಂಗ್ ದೋಷ. ಇಲಿ ಕಡಿದ ತಂತಿ, ಒಳಗೆ ಸೇರಿದ ಇರುವೆ, ಹಲ್ಲಿ ಇವುಗಳ ಕಥೆಯೂ ಅಷ್ಟೆ.

ಜತ್, ಅಕ್ಕಲಕೋಟೆ ಕಡೆಯಂತೆ ಉದ್ದುದ್ದ ಲೈನುಗಳಿರುವಲ್ಲಿ ವೋಲ್ಟೇಜ್ ಏರಿಳಿತ ಇನ್ನೊಂದು ಕಾರಣ. ಮನೆಯ ಲೈನಿನ ವೋಲ್ಟೇಜ್ 230ರ ಆಚೀಚೆ ಶೇ. 6ರೊಳಗೆ, ಅಂದರೆ ಸುಮಾರು 216ರಿಂದ 244ರ ಒಳಗೆ ಇರಬೇಕು. ಒಂದೇ ಟ್ರಾನ್ಸ್‌ಫಾರ್ಮರ್‌ಗೆ ಹಲವು ಸೋಲಾರ್ ಮನೆಗಳು ಸೇರಿದರೆ ಮಧ್ಯಾಹ್ನ ಅದು ಇನ್ನೂ ಏರಬಹುದು. ಆಗ ಇನ್ವರ್ಟರ್ ಮತ್ತೆಮತ್ತೆ ನಿಲ್ಲುತ್ತದೆ. ಇಂಥ ದೂರು ಕೊಡಬೇಕಾದ ಜಾಗ ವಿದ್ಯುತ್ ಕಚೇರಿ, ಸೋಲಾರ್ ಏಜೆನ್ಸಿಯಲ್ಲ.

ವಾರಂಟಿ ಇದ್ದರೂ ಖರ್ಚು

ತಯಾರಕರ ವಾರಂಟಿ ಎಂದರೆ ಬಹುಪಾಲು ವಸ್ತುವಿನ ವಾರಂಟಿ. ಕೆಟ್ಟ ಪೆಟ್ಟಿಗೆಗೆ ಬದಲು ಪೆಟ್ಟಿಗೆ ಬರುತ್ತದೆ. ಅದನ್ನು ಬಿಚ್ಚುವ, ಜೋಡಿಸುವ ಕೂಲಿ, ಓಡಾಟ, ಹಲವು ಸಲ ಸಾಗಣೆಯೂ ಅಳವಡಿಸಿದವರ ತಲೆಗೆ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಗ್ರಾಹಕರ ಮನೆ 70 ಕಿ.ಮೀ. ದೂರ, ಪರೀಕ್ಷೆಗೆ ಒಮ್ಮೆ, ಬದಲಿಸಲು ಒಮ್ಮೆ ಹೋಗಿಬಂದರೆ 280 ಕಿ.ಮೀ. ಕಿಲೋಮೀಟರಿಗೆ 10 ರೂ. ಹಿಡಿದರೆ 2,800. ಇಬ್ಬರಿಗೆ ಎರಡು ದಿನದ ಕೂಲಿ ತಲಾ 800ರಂತೆ 3,200. ಪಾರ್ಸೆಲ್‌ಗೆ 1,000. ಒಟ್ಟು 7,000 ರೂ. ನೂರು ಗ್ರಾಹಕರಲ್ಲಿ ವರ್ಷಕ್ಕೆ ಐವರಿಂದ ಇಂಥ ಕರೆ ಬಂದರೂ 35,000 ರೂ. ಅಂದರೆ ಪ್ರತಿ ಮನೆಗೆ ವರ್ಷಕ್ಕೆ 350, ಐದು ವರ್ಷಕ್ಕೆ 1,750 ರೂ. ಹತ್ತು ಮಂದಿ ಕರೆದರೆ ಇದರ ಎರಡರಷ್ಟು.

ಈ ಮೊತ್ತವನ್ನು ಮೊದಲೇ ದರದಲ್ಲಿ ಸೇರಿಸಿ ಬದಿಗಿಟ್ಟ ಏಜೆನ್ಸಿ ಮೂರನೇ ವರ್ಷವೂ ಫೋನ್ ಎತ್ತುತ್ತದೆ. ಪೈಪೋಟಿಯಲ್ಲಿ ಎಲ್ಲರಿಗಿಂತ ಎರಡು ಸಾವಿರ ಕಡಿಮೆಗೆ ಒಪ್ಪಿಕೊಂಡವರ ಬೋರ್ಡೇ ಆಮೇಲೆ ಕಾಣದಿರಬಹುದು. ಪಿಎಂ ಸೂರ್ಯಘರ್‌ನಲ್ಲಿ ನೋಂದಾಯಿತ ಏಜೆನ್ಸಿ 5 ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತಿದೆ. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಸೋಲಾರ್ ಪಂಪುಗಳಿಗೂ ಇದೇ ರೀತಿ 5 ವರ್ಷದ ಹೊಣೆ ಹಾಕಲಾಗಿತ್ತು. ಪಂಪಿನ ಕಂಟ್ರೋಲರ್ ಕೂಡ ಒಂದು ಬಗೆಯ ಇನ್ವರ್ಟರೇ ಎಂಬುದನ್ನು ರೈತರು ಗಮನಿಸಬೇಕು.

ಕೆಟ್ಟು ನಿಂತ ದಿನಗಳ ನಷ್ಟವನ್ನು ಮಾತ್ರ ಸಾಮಾನ್ಯವಾಗಿ ಯಾರೂ ತುಂಬಿಕೊಡುವುದಿಲ್ಲ. ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎಂದರೂ 3 ಕಿಲೋವ್ಯಾಟ್‌ನ ಮನೆಗೆ 20 ದಿನದಲ್ಲಿ 240 ಯೂನಿಟ್ ಹೋಯಿತು. ಹೀಗಾಗಿ ಎಷ್ಟು ವರ್ಷ ವಾರಂಟಿ ಎಂಬುದರ ಜತೆ ಎಷ್ಟು ದಿನದಲ್ಲಿ ಸರಿಪಡಿಸುತ್ತೀರಿ ಎಂದೂ ಬರೆಸಿಕೊಳ್ಳುವುದು ಒಳ್ಳೆಯದು. ಬಳಿಯಲ್ಲಿ ಬದಲಿ ಪೆಟ್ಟಿಗೆ ಇಟ್ಟುಕೊಂಡ ಏಜೆನ್ಸಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸಿಡಿಲು, ನೆರೆ, ಮುರಿದ ಸೀಲು, ಅರ್ಥಿಂಗ್ ಇಲ್ಲದಿರುವುದು ಇವೆಲ್ಲ ವಾರಂಟಿಯಿಂದ ಹೊರಗೆ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಕಾಗದ ಇಂಗ್ಲಿಷಿನಲ್ಲಿ, ಕಸ್ಟಮರ್ ಕೇರ್ ಹಿಂದಿಯಲ್ಲಿ. ಎರಡು ಭಾಷೆ ಬಲ್ಲ ಗಡಿನಾಡಿನವರಿಗೂ ಮೂರನೆಯ, ನಾಲ್ಕನೆಯ ಭಾಷೆಯ ಪರೀಕ್ಷೆ. ಸಿಡಿಲಿಗೆ ವಿಮೆಯೇ ದಾರಿ. 2021ರ ಎಪ್ರಿಲ್ 1ರಿಂದ ಬಂದ ಭಾರತ್ ಗೃಹ ರಕ್ಷಾ ಮನೆ ವಿಮೆಯಲ್ಲಿ ಸಿಡಿಲಿನ ಹಾನಿ ಸೇರಿದೆ. ಸೋಲಾರ್ ಇನ್ವರ್ಟರ್ ಕೂಡ ಸೇರಿದೆಯೇ ಎಂದು ಬರೆಸಿಕೊಳ್ಳಬೇಕು.

ಗಡಿಯಾಚೆ ಕೊಂಡರೆ

ಮಂಜೇಶ್ವರದವರು ಮಂಗಳೂರಿನಲ್ಲಿ, ಅಕ್ಕಲಕೋಟೆಯವರು ಕಲಬುರಗಿಯಲ್ಲಿ ಕೊಂಡರೆ ಹೊಸದೇನಲ್ಲ. ಆದರೆ ಸಬ್ಸಿಡಿ ಬೇಕಿದ್ದರೆ ಏಜೆನ್ಸಿ ತಮ್ಮ ಮೀಟರ್ ಇರುವ ವಿದ್ಯುತ್ ಸಂಸ್ಥೆಯ ವ್ಯಾಪ್ತಿಯಲ್ಲಿ ಕೆಲಸ ಮಾಡಲು ನೋಂದಾಯಿತವೇ ಎಂದು ಮೊದಲೇ ನೋಡಬೇಕು.

ಬಗೆಹರಿಯದ ದೂರಿಗೆ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ಇದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಇದರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಂಗಡಿ ಬೇರೆ ರಾಜ್ಯದಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷ ರೂ.ವರೆಗಾದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಹೋಗಬೇಕು. ಅದಕ್ಕೂ ಮುಂಚೆ 1915 ಸಂಖ್ಯೆಯ ಸಹಾಯವಾಣಿಗೆ ಕರೆಮಾಡಬಹುದು. ಬಿಲ್ಲು, ಇನ್ವರ್ಟರ್‌ನ ಸೀರಿಯಲ್ ನಂಬರು, ಪರದೆಯಲ್ಲಿ ಕಂಡ ದೋಷ ಸಂಕೇತದ ಫೋಟೊ, ಏಜೆನ್ಸಿಗೆ ದೂರು ಹೇಳಿದ ದಿನಾಂಕ ಇಷ್ಟು ಕೈಯಲ್ಲಿರಬೇಕು.