ಕಳೆಗಿಡದಿಂದ ಪೆಡಲ್ ಹಲಗೆಗೆ

ವಿದ್ಯುತ್ ಗಿಟಾರ್ ನುಡಿಸುವವರ ಕಾಲಬಳಿ ಒಂದು ಹಲಗೆಯನ್ನೂ ಅದರ ಮೇಲೆ ಸಾಲಾಗಿ ಕುಳಿತ ಪುಟ್ಟ ಲೋಹದ ಪೆಟ್ಟಿಗೆಗಳನ್ನೂ ನೀವು ಗಮನಿಸಿರಬಹುದು. ಗಿಟಾರಿನಿಂದ ಬರುವ ವಿದ್ಯುತ್ ಸಂಕೇತವನ್ನು ಬದಲಿಸಿ ಧ್ವನಿಗೆ ಒರಟುತನವನ್ನೋ ಪ್ರತಿಧ್ವನಿಯನ್ನೋ ಕೊಡುವುದು ಈ ಪೆಡಲ್‌ಗಳ ಕೆಲಸ. ಒಮ್ಮೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಪೆಡಲ್ ತುಳಿದಾಗ ಅದು ಜಾರಿ, ವೈರು ಕಳಚಿ, ಹಾಡು ಅರ್ಧಕ್ಕೇ ನಿಂತಿತು. "ಸರ್, ಸ್ಕ್ರೂ ಹಾಕದೆ ಇದನ್ನು ಭದ್ರಪಡಿಸಲಾಗದೆ?" ಎಂದು ಮರುದಿನ ಕೇಳಿದ.

ಗಿಬ್ಸನ್ ಕಂಪನಿ 1962ರಲ್ಲಿ ತಂದ ಮೇಸ್ಟ್ರೊ ಫಜ್-ಟೋನ್ ಟ್ರಾನ್ಸಿಸ್ಟರ್ ಪೆಡಲ್‌ಗಳಲ್ಲಿ ಮೊದಮೊದಲಿನದು. ಒಂದೇ ಪೆಡಲ್ ಆದರೆ ನೆಲವೇ ಸಾಕು. 1977ರಲ್ಲಿ ಜಪಾನಿನ ಬಾಸ್ ಸಂಸ್ಥೆಯ ಪುಟ್ಟ ಪೆಡಲ್‌ಗಳು ಬಂದ ಮೇಲೆ ಹಲವನ್ನು ಒಟ್ಟಿಗೆ ಜೋಡಿಸುವುದು ಸುಲಭವಾಯಿತು. ಅವು ಕದಲಬಾರದು, ಬೇಕೆಂದಾಗ ಕಳಚಿ ಬರಲೂಬೇಕು.

ಇಂಥ ಬಂಧನ ಅದಾಗಲೇ ಸಿದ್ಧವಾಗಿತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ (1907–1990) 1941ರಲ್ಲಿ ನಾಯಿಯೊಡನೆ ಆಲ್ಪ್ಸ್‌ನಲ್ಲಿ ಬೇಟೆಗೆ ಹೋಗಿದ್ದಾಗ ಬರ್ಡಾಕ್ ಗಿಡದ ಮುಳ್ಳುಕಾಯಿಗಳು ಬಟ್ಟೆಗೂ ನಾಯಿಯ ರೋಮಕ್ಕೂ ಅಂಟಿದವು. ನಮ್ಮ ಹೊಲದ ಬದುಗಳಲ್ಲಿ ಉತ್ತರಾಣಿ ಸೀರೆ, ಪಂಚೆಗಳಿಗೆ ಹತ್ತಿಕೊಳ್ಳುವುದಿಲ್ಲವೆ, ಹಾಗೆ. ನಾವು ಬೈದುಕೊಂಡು ಕಿತ್ತೆಸೆಯುತ್ತೇವೆ. ಆತ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಪ್ರತಿ ಮುಳ್ಳಿನ ತುದಿಯಲ್ಲೂ ಕೊಕ್ಕೆಯಿತ್ತು.

ನೋಡುವುದಕ್ಕೆ ಒಂದು ದಿನ ಸಾಕಾಯಿತು, ಮಾಡುವುದಕ್ಕೆ ವರ್ಷಗಳೇ ಹಿಡಿದವು. ಲಿಯೋನ್ ನಗರದ ನೇಕಾರರೊಬ್ಬರು ನೇಯ್ದ ಹತ್ತಿಯ ಪಟ್ಟಿ ಬೇಗ ಸವೆಯಿತು. ನೈಲಾನನ್ನು ಅವಕೆಂಪು ಕಿರಣಗಳಡಿ ಕಾಯಿಸಿದಾಗ ಗಡುಸಾದ ಕುಣಿಕೆಗಳು ದೊರೆತವು; ಅವನ್ನು ಒಂದು ಪಕ್ಕದಲ್ಲಿ ಕತ್ತರಿಸಿದರೆ ಕೊಕ್ಕೆಗಳಾದವು. 1955ರಲ್ಲಿ ಪೇಟೆಂಟ್ ಸಿಕ್ಕಿತು. ಮಕಮಲ್ಲು, ಕೊಕ್ಕೆ ಎಂಬ ಅರ್ಥದ ಎರಡು ಫ್ರೆಂಚ್ ಪದಗಳ ಮೊದಲಕ್ಷರಗಳು ಸೇರಿ ವೆಲ್ಕ್ರೊ ಆಯಿತು.

ತೂಕರಹಿತ ಸ್ಥಿತಿಯಲ್ಲಿ ವಸ್ತುಗಳು ತೇಲಿ ಹೋಗದಂತೆ ಬಾಹ್ಯಾಕಾಶ ನೌಕೆಗಳಲ್ಲೂ ಇದನ್ನು ಬಳಸಿದರು. ಆದರೆ ನೈಲಾನ್ ಉರಿಯುವ ವಸ್ತು. 1967ರ ಜನವರಿ 27ರಂದು ಅಪೊಲೊ 1ರ ನೆಲದ ಮೇಲಿನ ಪರೀಕ್ಷೆಯಲ್ಲಿ, ವಾಯುಮಂಡಲಕ್ಕಿಂತ ಹೆಚ್ಚಿನ ಒತ್ತಡದ ಶುದ್ಧ ಆಕ್ಸಿಜನ್ ತುಂಬಿದ್ದ ಕೋಶಕ್ಕೆ ಬೆಂಕಿ ಬಿದ್ದು ಗ್ರಿಸಮ್, ವೈಟ್, ಚಾಫಿ ಮೂವರೂ ಸತ್ತರು. ಉರಿ ಹಬ್ಬಲು ನೆರವಾದ ವಸ್ತುಗಳಲ್ಲಿ ವೆಲ್ಕ್ರೊ ಕೂಡ ಇತ್ತು.

ಪೇಟೆಂಟ್ ರಕ್ಷಣೆ 1978ರಲ್ಲಿ ಮುಗಿದು ಇತರರೂ ಇಂಥ ಪಟ್ಟಿ ತಯಾರಿಸತೊಡಗಿದರು. ಪುಟ್ಟ ಪೆಡಲ್‌ಗಳು ಬಂದದ್ದೂ ಅದೇ ಸುಮಾರಿಗೆ ಎಂಬುದು ಬರೀ ಕಾಕತಾಳೀಯ. ಸಂಗೀತಗಾರರಿಗೆ ಮಾತ್ರ ಒಳ್ಳೆಯದೇ ಆಯಿತು.

ಇದರ ಹಿಡಿತದಲ್ಲಿ ಒಂದು ಸ್ವಾರಸ್ಯವಿದೆ. ಪಟ್ಟಿಗೆ ಸಮಾಂತರವಾಗಿ ಎಳೆದರೆ ನೂರಾರು ಕೊಕ್ಕೆಗಳು ಬಲವನ್ನು ಹಂಚಿಕೊಳ್ಳುತ್ತವೆ. ಅಂಚಿನಿಂದ ಸುಲಿದರೆ ಒಂದೊಂದೇ ಸಾಲು ಇಡೀ ಬಲವನ್ನು ತಾಳಬೇಕು. ತರಗತಿಯಲ್ಲಿ ಸ್ಪ್ರಿಂಗ್ ತಕ್ಕಡಿಯಿಂದ ಎರಡನ್ನೂ ಅಳೆದು ತೋರಿಸಬಹುದು. ತುಳಿದ ಪೆಡಲ್ ಪಕ್ಕಕ್ಕೆ ಜಾರದು, ಮೂಲೆ ಹಿಡಿದು ಎತ್ತಿದರೆ ಕಳಚಿ ಬರುತ್ತದೆ.

ಸೋಲುವುದು ಕೊಕ್ಕೆಗಿಂತ ಹೆಚ್ಚಾಗಿ ಹಿಂಬದಿಯ ಅಂಟು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು ಮೆದುವಾಗಿ ಹರಿಯುತ್ತದೆ; ರಬ್ಬರು ತಳಕ್ಕಂತೂ ಸರಿಯಾಗಿ ಹಿಡಿಯುವುದೇ ಇಲ್ಲ. ನನ್ನ ವಿದ್ಯಾರ್ಥಿ ಪೆಡಲಿನ ರಬ್ಬರನ್ನು ತೆಗೆದು, ಲೋಹದ ತಳವನ್ನು ಸ್ಪಿರಿಟ್‌ನಿಂದ ಒರೆಸಿ, ಪಟ್ಟಿ ಅಂಟಿಸಿ, ಒಂದು ರಾತ್ರಿ ಮೇಲೆ ಪುಸ್ತಕಗಳನ್ನು ಹೇರಿಟ್ಟ. ಬೆಳಿಗ್ಗೆ ಹಲಗೆಯನ್ನು ತಲೆಕೆಳಗಾಗಿ ಹಿಡಿದು ನನ್ನ ಕೋಣೆಗೆ ಬಂದ. ಐದು ಪೆಡಲ್‌ಗಳೂ ಅದರಡಿ ನೇತಾಡುತ್ತಿದ್ದವು.