ಮೀನುಗಳ ಸಹಜ ಪರೋಪಜೀವಿ ನಿರೋಧ

ಮೈಮೇಲೆ, ಕಿವಿರಿನಲ್ಲಿ ಅಥವಾ ಕರುಳಿನಲ್ಲಿ ನೆಲೆಯೂರಲು ಬರುವ ಪರೋಪಜೀವಿಗಳನ್ನು ಮೀನು ಔಷಧದ ನೆರವಿಲ್ಲದೆ ತಡೆಯುವ, ಹೊರದಬ್ಬುವ ಅಥವಾ ಹತೋಟಿಯಲ್ಲಿಡುವ ವ್ಯವಸ್ಥೆ. ಏಕಕೋಶ ಜೀವಿಗಳು, ಚಪ್ಪಟೆಹುಳುಗಳು, ಲಾಡಿಹುಳುಗಳು ಮತ್ತು ಹೇನೆಂದು ಕರೆಯುವ ಸಣ್ಣ ಕಠಿಣಚರ್ಮಿಗಳು ಮೀನಿನ ಮುಖ್ಯ ಪರೋಪಜೀವಿಗಳು. ಅವುಗಳನ್ನು ಎದುರಿಸುವುದರಲ್ಲಿ ಮೀನಿನ ಲೋಳೆ, ಪ್ರತಿಕಾಯ ಮತ್ತು ನಡವಳಿಕೆಗಳ ಜೊತೆಗೆ ಅದರ ಮೈಮೇಲೆ ಬದುಕುವ ಬ್ಯಾಕ್ಟೀರಿಯಗಳಿಗೂ ಪಾಲಿದೆ.

ಮನುಷ್ಯನ ಚರ್ಮದ ಹೊರಪದರ ಸತ್ತ ಕೋಶಗಳದು; ಮೀನಿನದು ಜೀವಂತ ಕೋಶಗಳದು. ಹುರುಪೆಗಳ ಮೇಲೂ ತೆಳುವಾದ ಈ ಚರ್ಮ ಹರಡಿಕೊಂಡಿರುತ್ತದೆ. ಅದರಲ್ಲಿರುವ ಗ್ರಂಥಿಕೋಶಗಳು ಲೋಳೆಯನ್ನು ಸ್ರವಿಸುತ್ತಲೇ ಇರುತ್ತವೆ. ಹಳೆಯ ಲೋಳೆ ಕಳಚಿ ಹೋಗುವಾಗ ಅದಕ್ಕೆ ಅಂಟಿದ ಜೀವಿಗಳೂ ಕೊಚ್ಚಿಹೋಗುತ್ತವೆ. ಲೋಳೆಯೊಳಗೆ ಲೈಸೊಜೈಮ್, ಲೆಕ್ಟಿನ್, ಕಾಂಪ್ಲಿಮೆಂಟ್ ಪ್ರೋಟೀನುಗಳು ಹಾಗೂ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಿರು ಪೆಪ್ಟೈಡುಗಳು ಇರುತ್ತವೆ. ಮೀನು ಹಿಡಿದವರೆಲ್ಲ ಕೈಯಿಂದ ಒರೆಸಿಕೊಳ್ಳುವ ಈ ಜಿಗುಟೇ ಮೀನಿನ ಮೊದಲ ಕಾವಲು. ಒರಟಾಗಿ ಹಿಡಿದು ಲೋಳೆ ಕಿತ್ತುಹೋದ ಮೀನಿಗೆ ಬೇಗ ರೋಗ ತಗಲುವುದು ಇದರಿಂದಲೇ.

ಪ್ರತಿಕಾಯಗಳು ಕೆಲಸ ಮಾಡುವ ಬಗೆ ಬಿಳಿಚುಕ್ಕೆ ರೋಗದಲ್ಲಿ ಚೆನ್ನಾಗಿ ಕಾಣುತ್ತದೆ. ಈ ರೋಗಕ್ಕೆ ಕಾರಣವಾದ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಲೋಮಾಂಗಿ ಏಕಕೋಶ ಜೀವಿ ಸಿಹಿನೀರ ಮೀನಿನ ಹೊರಚರ್ಮದಡಿ ತೂರಿ, ಅಲ್ಲೇ ತಿಂದು ಬೆಳೆದು, ಬರಿಗಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಬಲಿತ ಮೇಲೆ ಉದುರಿ ತಳ ಸೇರಿ, ಹೊರಪೊರೆಯೊಂದರೊಳಗೆ ಒಡೆದೊಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳಿಗೆ ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಸಾವು. ಒಮ್ಮೆ ಈ ರೋಗದಿಂದ ಚೇತರಿಸಿಕೊಂಡ ಮೀನಿಗೆ ನಿರೋಧ ಬರುತ್ತದೆ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡ ಸಂಗತಿ ವಿಚಿತ್ರವಾದುದು: ಮೀನಿನ ಪ್ರತಿಕಾಯಗಳು ಪರೋಪಜೀವಿಯ ಲೋಮಾಂಗಗಳ ಮೇಲಿನ ಪ್ರೋಟೀನುಗಳಿಗೆ ಅಂಟಿದಾಗ ಅದು ಅಲ್ಲೇ ಸಾಯುವ ಬದಲು ಚರ್ಮ ಬಿಟ್ಟು ಹೊರಟುಹೋಗುತ್ತದೆ. ಮೀನಿಗೆ ಅಷ್ಟೇ ಸಾಕು.

ಹಲವು ಮೂಳೆಮೀನುಗಳಲ್ಲಿ ಐಜಿಟಿ ಎಂಬ ಪ್ರತಿಕಾಯವಿರುವುದು 2005ರಲ್ಲಿ ತಿಳಿಯಿತು. ಕರುಳು, ಚರ್ಮ ಮತ್ತು ಕಿವಿರುಗಳ ಲೋಳೆಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಇದೇ. ಇದಕ್ಕೆ ಎರಡು ಹೊಣೆಗಳಿವೆ: ಪರೋಪಜೀವಿಯನ್ನು ಹಿಡಿಯುವುದು ಮತ್ತು ಮೈಮೇಲಿನ ಬ್ಯಾಕ್ಟೀರಿಯಗಳನ್ನು ಸುತ್ತುವರಿದು ಅವುಗಳ ಮೇರೆಯಲ್ಲಿಡುವುದು. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ರೇನ್‌ಬೋ ಟ್ರೌಟ್ ಮೀನುಗಳ ಐಜಿಟಿಯನ್ನು ತಾತ್ಕಾಲಿಕವಾಗಿ ಇಲ್ಲವಾಗಿಸಿದಾಗ ಬಿಳಿಚುಕ್ಕೆ ಜೀವಿ ಹೆಚ್ಚಿತು. ಜೊತೆಗೆ ಕಿವಿರಿನ ಬ್ಯಾಕ್ಟೀರಿಯ ಸಮುದಾಯವೂ ಅಸ್ತವ್ಯಸ್ತವಾಯಿತು. ಐಜಿಟಿ ಮರಳಿದ ಮೇಲೆ ಸಮುದಾಯವೂ ಬಹುಮಟ್ಟಿಗೆ ಮೊದಲಿನಂತಾಯಿತು. ಹಾಗಾಗಿ ಮೀನಿನ ರಕ್ಷಣೆಯನ್ನೂ ಅದರ ಸೂಕ್ಷ್ಮಜೀವಿಗಳ ಸಮತೋಲವನ್ನೂ ಬೇರೆಬೇರೆ ಅಧ್ಯಾಯಗಳಾಗಿ ಓದುವ ರೂಢಿ ಸರಿಯಲ್ಲ.

ಬ್ಯಾಕ್ಟೀರಿಯಗಳು ತಾವೇ ಹೋರಾಟಕ್ಕಿಳಿಯುವುದಕ್ಕೆ ಸ್ಪಷ್ಟ ಸಾಕ್ಷ್ಯ ಸಿಕ್ಕಿರುವುದು ಮೀನಿನ ಮೊಟ್ಟೆಗಳಲ್ಲಿ. ಸಾಲ್ಮನ್ ಮೊಟ್ಟೆಗಳ ಮೇಲೆ ಹತ್ತಿಯಂತೆ ಬೆಳೆದು ಅವುಗಳನ್ನು ಕೊಲ್ಲುವ ಸ್ಯಾಪ್ರೊಲೆಗ್ನಿಯ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಆರೋಗ್ಯವಂತ ಮೊಟ್ಟೆಗಳ ಮೇಲೆ ಆಕ್ಟಿನೊಬ್ಯಾಕ್ಟೀರಿಯಗಳು ಹೆಚ್ಚಾಗಿರುವುದನ್ನು 2014ರ ಅಧ್ಯಯನವೊಂದು ತೋರಿಸಿತು. ಅವುಗಳಲ್ಲಿ ಫ್ರಾಂಡಿಹ್ಯಾಬಿಟ್ಯಾನ್ಸ್ ಕುಲದ ಬ್ಯಾಕ್ಟೀರಿಯಗಳು ಸ್ಯಾಪ್ರೊಲೆಗ್ನಿಯ ಮೊಟ್ಟೆಗೆ ಅಂಟದಂತೆ ತಡೆದವು. ಸ್ಯೂಡೊಮೋನಾಸ್ ಕುಲದ ಎಚ್6 ಎಂಬ ತಳಿ ಸ್ರವಿಸುವ ಸಾಬೂನಿನ ಗುಣದ ವಸ್ತು ಇಕ್ತಿಯೊಫ್ತಿರಿಯಸ್‌ನ ಮೀನಿನ ಹೊರಗಿನ ಹಂತಗಳನ್ನು ಪ್ರಯೋಗಾಲಯದಲ್ಲಿ ಕೊಂದಿದೆ. ಚರ್ಮದೊಳಗೆ ಅಡಗಿದ ಹಂತದ ಮಾತು ಬೇರೆ. ಕೊಳಕ್ಕೆ ಸುರಿಯುವ ಯಾವುದೇ ಪ್ರೊಬಯಾಟಿಕ್ ಅನ್ನು ರಾಮಬಾಣವೆಂದು ನಂಬುವ ಮೊದಲು ಈ ವ್ಯತ್ಯಾಸ ನೆನಪಿರಬೇಕು.

ನಡವಳಿಕೆಯೂ ರಕ್ಷಣೆಯೇ. ಹವಳದ ದಿಬ್ಬಗಳಲ್ಲಿ ಕೆಲವು ಗಿಳಿಮೀನುಗಳು ರಾತ್ರಿ ತಮ್ಮ ಸುತ್ತ ಲೋಳೆಯ ಗೂಡು ಕಟ್ಟಿಕೊಂಡು ಮಲಗುತ್ತವೆ. ಇದು ಸೊಳ್ಳೆಪರದೆಯಂತೆ ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯದ ಅಲೆಕ್ಸಾಂಡ್ರ ಗ್ರಟ್ಟರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಗೂಡು ಕಳೆದುಕೊಂಡ ಮೀನುಗಳಲ್ಲಿ ಶೇ. 94ರಷ್ಟು ನೇಥಿಡ್ ಎಂಬ ಸಣ್ಣ ಕಠಿಣಚರ್ಮಿಗಳ ರಕ್ತಹೀರುವ ಮರಿಗಳ ದಾಳಿಗೆ ಸಿಕ್ಕಿದರೆ, ಗೂಡಿದ್ದವುಗಳಲ್ಲಿ ಸಿಕ್ಕಿದ್ದು ಶೇ. 10 ಮಾತ್ರ. ಹಗಲಿನಲ್ಲಿ ಈ ಕೆಲಸ ಶುಚಿಕಾರ ಮೀನುಗಳದು. ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್ ಎಂಬ ಒಂದು ಬೆರಳುದ್ದದ ಮೀನು ಇತರ ಮೀನುಗಳ ಮೈಯಿಂದ ದಿನಕ್ಕೆ ಸುಮಾರು 1,200 ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ.

ಒಂದೇ ಜಾತಿಯ ಮೀನುಗಳಲ್ಲೂ ನಿರೋಧ ಒಂದೇ ತೆರನಾಗಿರುವುದಿಲ್ಲ. ಗೈರೊಡಕ್ಟೈಲಸ್ ಸಲಾರಿಸ್ ಎಂಬ ಚಪ್ಪಟೆಹುಳು 1970ರ ದಶಕದಲ್ಲಿ ನಾರ್ವೆಯ ನದಿಗಳಿಗೆ ಬಂದಾಗ ಅಲ್ಲಿನ ಸಾಲ್ಮನ್ ಮರಿಗಳು ರಾಶಿರಾಶಿಯಾಗಿ ಸತ್ತವು. ಈ ಹುಳುವಿನೊಡನೆ ಬಹುಕಾಲ ಬಾಳಿದ ಬಾಲ್ಟಿಕ್ ಸಾಲ್ಮನ್‌ಗಳಲ್ಲಿ ಅನೇಕವು ಅದನ್ನು ತಾವಾಗಿಯೇ ಹತೋಟಿಗೆ ತರಬಲ್ಲವು. ಕಡಲ ಹೇನಿನ ವಿಷಯದಲ್ಲೂ ಹೀಗೆಯೇ: ಕೋಹೊ ಸಾಲ್ಮನ್‌ನ ಚರ್ಮ ಹೇನು ಕಚ್ಚಿದ ಜಾಗದಲ್ಲಿ ಉರಿಯೂತದಿಂದ ದಪ್ಪವಾಗಿ ಅದನ್ನು ಮುಚ್ಚಿಬಿಡುತ್ತದೆ; ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಈ ಪ್ರತಿಕ್ರಿಯೆ ದುರ್ಬಲ.

ನಿರೋಧಕ್ಕೆ ಬೆಲೆ ತೆರಬೇಕಾಗುತ್ತದೆ. ಕೆನಡದ ವ್ಯಾಂಕೂವರ್ ದ್ವೀಪದ ಕೆಲವು ಸರೋವರಗಳಲ್ಲಿ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನುಗಳು ಹೊಟ್ಟೆಯೊಳಗೆ ನಾರಿನಂಥ ಅಂಗಾಂಶ ಬೆಳೆಸಿ ಲಾಡಿಹುಳುವಿನ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ಆದರೆ ಅದೇ ನಾರು ಸಂತಾನೋತ್ಪತ್ತಿಗೆ ಅಡ್ಡಿಯಾಗುತ್ತದೆ. ಬೇರೆ ಕೆಲವು ಸರೋವರಗಳ ಮೀನುಗಳು ಈ ಪ್ರತಿಕ್ರಿಯೆಯನ್ನೇ ವಿಕಾಸದ ಹಾದಿಯಲ್ಲಿ ಕೈಬಿಟ್ಟು, ಹುಳುವನ್ನು ಸಹಿಸಿಕೊಂಡು ಮರಿಮಾಡುತ್ತವೆ.

ಕರ್ನಾಟಕವೂ ಸೇರಿದಂತೆ ಭಾರತದ ಸಾಕಣೆ ಕೊಳಗಳಲ್ಲಿ ರೋಹು ಮೀನಿಗೆ ಆರ್ಗ್ಯುಲಸ್ ಅಥವಾ ಮೀನು ಹೇನಿನ ಕಾಟ ಹೆಚ್ಚು. ಕಿಕ್ಕಿರಿದ ಕೊಳದಲ್ಲಿ ಒತ್ತಡಕ್ಕೆ ಸಿಕ್ಕ ಮೀನಿನ ನಿರೋಧಶಕ್ತಿ ಕುಂದುತ್ತದೆ. ಹೇನಿಗೂ ಮುಂದಿನ ಮೀನು ಬಹಳ ದೂರವಿರುವುದಿಲ್ಲ. ಮರಿಗಳನ್ನು ಮಿತಿಯಲ್ಲಿ ಬಿತ್ತುವುದು ಮೀನಿನ ಸಹಜ ರಕ್ಷಣೆಗೆ ನೆರವಾಗುತ್ತದೆ. ಹೇನು ಗಟ್ಟಿ ಮೇಲ್ಮೈಗಳಿಗೆ ಮೊಟ್ಟೆ ಅಂಟಿಸುವುದರಿಂದ, ನೀರಿನಲ್ಲಿ ಬಿದಿರಿನ ದಬ್ಬೆ ಅಥವಾ ಹಲಗೆ ಇಳಿಬಿಟ್ಟು, ಆಗಾಗ ಹೊರತೆಗೆದು ಬಿಸಿಲಿನಲ್ಲಿ ಒಣಗಿಸುವ ಕ್ರಮವೂ ಇದೆ.